ದಪ್ಪ, ಓರೆ, ಜೋರು: ಬೋಲ್ಡ್ ಇಟಾಲಿಕ್ ಫಾಂಟುಗಳಲ್ಲಿ ಯಾವುದು ಯಾವ ಕೆಲಸಕ್ಕೆ?

ಕ್ರಿಕೆಟ್ ಟೀಮಿನ ಜೆರ್ಸಿಗೆ ಹೆಸರು ಹಾಕಿಸಬೇಕು. ಜಿಮ್ಮಿಗೆ ಬೋರ್ಡ್ ಮಾಡಿಸಬೇಕು. ದಸರಾ ಆಫರಿಗೆ ಪೋಸ್ಟರ್ ಬೇಕು. ಕೆಲಸ ಬೇರೆ ಬೇರೆ, ಕೇಳುವ ಮಾತು ಮಾತ್ರ ಒಂದೇ: "ದಪ್ಪಗೆ, ಓರೆಯಾಗಿ, ಸ್ಪೀಡ್ ಇರೋ ಥರ ಒಂದು ಫಾಂಟ್ ಹೇಳಿ." ಹುಡುಕಲು ಹೊರಟರೆ ನೂರಾರು ಸಿಗುತ್ತವೆ, ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫಾಂಟಿನ ಜಾಹೀರಾತು ಚಿತ್ರ ನೋಡಿ ಆರಿಸಬೇಡಿ. ನಿಮ್ಮ ಪದ ಯಾವುದು, ಅದು ಯಾವುದರ ಮೇಲೆ ಕೂರುತ್ತದೆ, ಎಷ್ಟು ದೂರದಿಂದ ಓದುತ್ತಾರೆ, ಇಷ್ಟು ಗೊತ್ತಾದರೆ ಅರ್ಧಕ್ಕರ್ಧ ಫಾಂಟುಗಳು ತಾವೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಉಳಿದ ನಾಲ್ಕೈದರಲ್ಲಿ ಆರಿಸುವುದು ಅಂಥ ಕಷ್ಟವಲ್ಲ.

ಇಲ್ಲಿ ಮಾತಾಡುತ್ತಿರುವುದು ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ಬಗ್ಗೆ. ಅಂದರೆ ಅಕ್ಷರದ ತುದಿಗಳಲ್ಲಿ ಪುಟ್ಟ ಚಾಚು ಇರುವುದಿಲ್ಲ, ಗೀಟು ದಪ್ಪ, ಮೈ ಬಲಕ್ಕೆ ಬಾಗಿರುತ್ತದೆ. ಓದುವುದೂ ಎಡದಿಂದ ಬಲಕ್ಕೆ ತಾನೇ? ಅದಕ್ಕೇ ಇದು ಮುಂದಕ್ಕೆ ನುಗ್ಗುವ ಹಾಗೆ ಕಾಣುತ್ತದೆ. ಆಟ, ವಾಹನ, ಕೊರಿಯರ್, ರಿಯಾಯಿತಿ ಮಾರಾಟ, ಎಲ್ಲಿ ವೇಗ ತೋರಿಸಬೇಕೋ ಅಲ್ಲೆಲ್ಲ ಇದನ್ನೇ ಹಾಕುತ್ತಾರೆ. ಇವು ಡಿಸ್‌ಪ್ಲೇ ಕೆಲಸದ ಫಾಂಟುಗಳು; ಡಿಸ್‌ಪ್ಲೇ ಎಂದರೆ ದೊಡ್ಡ ಗಾತ್ರದಲ್ಲಿ ನಾಲ್ಕಾರು ಪದ, ಅಷ್ಟೇ. ಇದರಲ್ಲೇ ಇಡೀ ಕರಪತ್ರ ಕಂಪೋಸ್ ಮಾಡಿದರೆ ಎರಡನೇ ಸಾಲಿಗೇ ಕಣ್ಣು ಸೋಲುತ್ತದೆ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ ಅಲ್ವಾ?

ಓರೆ ಬರೆದದ್ದೋ, ಬಗ್ಗಿಸಿದ್ದೋ?

ಫಾಂಟ್ ಆರಿಸುವ ಅಳತೆಗೋಲುಗಳಲ್ಲಿ ಮೊದಲನೆಯದು ಇದು. ನನ್ನ ಲೆಕ್ಕದಲ್ಲಿ ದೊಡ್ಡದೂ ಇದೇ.

ಓರೆ ಅಕ್ಷರ ಅಚ್ಚಿಗೆ ಬಂದದ್ದು ವೆನಿಸಿನಲ್ಲಿ. 1501ರಲ್ಲಿ ಆಲ್ಡಸ್ ಮನುಷಿಯಸ್ ಇಡೀ ಪುಸ್ತಕವನ್ನೇ ಓರೆ ಅಕ್ಷರದಲ್ಲಿ ಅಚ್ಚು ಹಾಕಿದ. ಅದರ ಅಚ್ಚುಮೊಳೆ ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಅದು ಆ ಕಾಲದ ಕೈಬರಹ ನೋಡಿ ಕೆತ್ತಿದ್ದು, ನೆಟ್ಟಗಿನ ಅಕ್ಷರವನ್ನು ಬಗ್ಗಿಸಿದ್ದಲ್ಲ. ಚಾಚಿಲ್ಲದ ಅಕ್ಷರ ಅಚ್ಚುಮೊಳೆಯ ಮಾದರಿ ಪುಸ್ತಕದಲ್ಲಿ ಕಾಣಿಸಿಕೊಂಡದ್ದು ಅದಕ್ಕಿಂತ ಮುನ್ನೂರು ವರ್ಷ ಆಚೆ, 1816ರಲ್ಲಿ, ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್ ಮೂಲಕ. ಇವೆರಡೂ ಒಂದಾದಾಗ ಸ್ಯಾನ್ಸ್ ಸೆರಿಫ್ ಫಾಂಟುಗಳಲ್ಲಿ ಹೆಚ್ಚಿನವು ಕೈಬರಹದ ದಾರಿ ಬಿಟ್ಟವು. ನೆಟ್ಟಗಿನ ಅಕ್ಷರವನ್ನೇ ಬಾಗಿಸಿ, ಕೆಟ್ಟಲ್ಲಿ ತಿದ್ದಿ ಓರೆ ಮಾಡಿಕೊಂಡವು. ಆ ತಿದ್ದುವ ಕೆಲಸ ಮಾಡಿದ್ದಾರೋ ಇಲ್ಲವೋ ಅನ್ನುವುದೇ ಪ್ರಶ್ನೆ.

ತಿದ್ದದಿದ್ದರೆ ಏನಾಗುತ್ತದೆ? ಇಂಗ್ಲಿಷಿನ ಓ ಅಕ್ಷರ ತಗೊಳ್ಳಿ. ಸುತ್ತಲೂ ಒಂದೇ ದಪ್ಪದ ಬಳೆಯಂಥ ಓ. ಕಂಪ್ಯೂಟರಿನಲ್ಲಿ ಅದನ್ನು ಸುಮ್ನೆ ಬಲಕ್ಕೆ ಎಳೆದರೆ ಮೇಲಿನ ಬಲ ಮೂಲೆ, ಕೆಳಗಿನ ಎಡ ಮೂಲೆ ಊದಿಕೊಳ್ಳುತ್ತವೆ. ಇನ್ನೆರಡು ಮೂಲೆ ಸೊರಗುತ್ತವೆ. ನೆಟ್ಟಗಿದ್ದ ಗೀಟುಗಳು ಬಾಗಿದಷ್ಟೂ ತೆಳ್ಳಗಾಗುತ್ತವೆ: 12 ಡಿಗ್ರಿಯಲ್ಲಿ ಸುಮಾರು ಶೇ. 2, 20 ಡಿಗ್ರಿಗೆ ಹೋದರೆ ಶೇ. 6. ಅಡ್ಡಗೀಟು ಮಾತ್ರ ಇದ್ದ ಹಾಗೇ ಇರುತ್ತದೆ. ಅಂಗೈ ಗಾತ್ರದಲ್ಲಿ ಇದು ಗೊತ್ತಾಗದೆ ಇರಬಹುದು. ನಾಲ್ಕು ಅಡಿ ಬೋರ್ಡಿನಲ್ಲಿ ಮಾತ್ರ "ಏನೋ ಸರಿ ಇಲ್ಲ" ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

ಈಗ ನಮ್ಮಲ್ಲಿ ಎಲ್ಲರೂ ಬಳಸುವ ದಪ್ಪ ಫಾಂಟುಗಳನ್ನು ನೋಡಿ. ಇಂಪ್ಯಾಕ್ಟ್, ಆಂಟನ್, ಬೆಬಾಸ್ ನ್ಯೂ. ಮೂರೂ ಒಳ್ಳೆಯವೇ, ಆದರೆ ಒಂದಕ್ಕೂ ಓರೆ ಕಡತ ಇಲ್ಲ. ವರ್ಡಿನಲ್ಲಿ ಇಟಾಲಿಕ್ ಗುಂಡಿ ಒತ್ತಿದಾಗ ಬಾಗುವುದು ನಿಜ, ಬಾಗಿಸುವುದು ಸಾಫ್ಟ್‌ವೇರು. ಬ್ರೌಸರೂ ಹಾಗೇ ಮಾಡುತ್ತದೆ. ಓರೆ ಕಡತ ಸಿಗದಿದ್ದರೆ ತಾನೇ ಬಾಗಿಸಿ ತೋರಿಸುತ್ತದೆ. ವೆಬ್‌ಸೈಟ್ ಮಾಡುವವರು ಸಿಎಸ್‌ಎಸ್‌ನಲ್ಲಿ ಫಾಂಟ್ ಸಿಂಥೆಸಿಸ್ ಎಂಬ ಗುಣವನ್ನು ನಿಲ್ಲಿಸಿ ನೋಡಿ. ಅಕ್ಷರ ನೆಟ್ಟಗೆ ನಿಂತುಬಿಟ್ಟರೆ ಅಷ್ಟು ದಿನ ಕಾಣುತ್ತಿದ್ದುದು ಬಲವಂತದ ಓರೆ ಎಂದು ಗೊತ್ತಾಗುತ್ತದೆ. ಡೆಸ್ಕ್‌ಟಾಪಿನಲ್ಲಾದರೆ ಇನ್ನೂ ಸುಲಭ: ಫಾಂಟ್ ಡೌನ್‌ಲೋಡ್ ಮಾಡಿದ ಫೋಲ್ಡರಿನಲ್ಲಿ ಬ್ಲ್ಯಾಕ್ ಇಟಾಲಿಕ್, ಬೋಲ್ಡ್ ಒಬ್ಲೀಕ್ ಎಂಬ ಹೆಸರಿನ ಬೇರೆ ಕಡತ ಇದೆಯಾ ನೋಡಿ. ಇಲ್ಲ ಅಂದ್ರೆ ಇಲ್ಲ.

ಮ್ಯಾಕ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಜೊತೆಗೇ ಬರುವ ಫ್ಯೂಚುರಾದಲ್ಲಿ ಮೀಡಿಯಂ ಇಟಾಲಿಕ್ ಇದೆ, ಬೋಲ್ಡ್ ಇದೆ. ಬೋಲ್ಡ್ ಇಟಾಲಿಕ್ ಇಲ್ಲ.

ಉಳಿದ ಅಳತೆಗೋಲುಗಳು

ಬಾಗು ಎಷ್ಟು ಜಾಗ ತಿನ್ನುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ಹೆಚ್ಚಿನ ಫಾಂಟುಗಳು 8ರಿಂದ 12 ಡಿಗ್ರಿ ಬಾಗಿರುತ್ತವೆ. 12 ಡಿಗ್ರಿ ಬಾಗಿದ ಒಂದು ಅಡಿ ಎತ್ತರದ ಅಕ್ಷರದ ತಲೆ ಅದರ ಪಾದಕ್ಕಿಂತ ಎರಡೂವರೆ ಇಂಚು ಬಲಕ್ಕೆ ಹೋಗಿರುತ್ತದೆ. ಆದ್ದರಿಂದ ಸಾಫ್ಟ್‌ವೇರು "ಮಧ್ಯದಲ್ಲಿದೆ" ಅಂದರೂ ಕಣ್ಣಿಗೆ ಹಾಗೆ ಕಾಣದೆ ಇರಬಹುದು. ಮೊದಲ ಅಕ್ಷರದ ಮೇಲೆ ಎಡಗಡೆ, ಕೊನೆಯ ಅಕ್ಷರದ ಕೆಳಗೆ ಬಲಗಡೆ ಖಾಲಿ ಉಳಿಯುತ್ತದೆ. ಕಣ್ಣಳತೆಯಲ್ಲಿ ಸರಿಸಿಕೊಳ್ಳಬೇಕು. ಬೋರ್ಡಿನ ಅಗಲ ಬಿಗಿಯಾಗಿದ್ದರೆ ಬಾಗು ಕಡಿಮೆ ಇರುವ ಫಾಂಟೇ ಲೇಸು.

ಅಗಲದ ಲೆಕ್ಕ ನಿಮ್ಮ ಪದದ ಉದ್ದದ ಮೇಲೆ ನಿಂತಿದೆ. ನಾಲ್ಕಕ್ಷರದ ಹೆಸರಾದರೆ ಅಗಲವಾದ ಫಾಂಟ್ ಹಾಕಿ, ಜಾಗ ತುಂಬುತ್ತದೆ. ಹನ್ನೆರಡು ಅಕ್ಷರದ ಊರಿನ ಹೆಸರನ್ನು ಜೆರ್ಸಿಯ ಬೆನ್ನಿಗೆ ಹಾಕಬೇಕಾದರೆ ಕಿರಿದಾದದ್ದೇ ಬೇಕು. ಅಗಲವಾದ ಫಾಂಟನ್ನು ಎರಡೂ ಕಡೆಯಿಂದ ಒತ್ತಿ ಕಿರಿದು ಮಾಡಬೇಡಿ. ನಿಂತ ಗೀಟು ಸೊರಗಿ, ಅಡ್ಡಗೀಟು ದಪ್ಪ ಉಳಿದು, ಅಕ್ಷರ ಕೆಟ್ಟು ಹೋಗುತ್ತದೆ.

ಇನ್ನು ಅಕ್ಷರದ ಹೊಟ್ಟೆ, ಅಂದರೆ ಒಳಗಿನ ಖಾಲಿ ಜಾಗ. ದಪ್ಪ ಜಾಸ್ತಿ ಆದಷ್ಟೂ ಅದು ಚಿಕ್ಕದಾಗುತ್ತದೆ. ದೂರದಿಂದ ಎಂಟು, ಮೂರು, ಬಿ ಎಲ್ಲ ಒಂದೇ ಕಪ್ಪು ಉಂಡೆ. ಫಾಂಟಿನ ದಪ್ಪದ ಮಟ್ಟಕ್ಕೆ ತೂಕ ಅನ್ನುತ್ತಾರೆ. ಅತಿ ದಪ್ಪದ ಬ್ಲ್ಯಾಕ್ ತೂಕ ಕಂಡ ಕೂಡಲೇ ಆಸೆ ಪಡಬೇಡಿ, ಒಂದು ಮೆಟ್ಟಿಲು ಕೆಳಗಿನ ಎಕ್ಸ್‌ಟ್ರಾ ಬೋಲ್ಡ್ ಎಷ್ಟೋ ಸಲ ಹೆಚ್ಚು ಜೋರಾಗಿ ಕಾಣುತ್ತದೆ.

ಯಾವುದರ ಮೇಲೆ ಅಚ್ಚಾಗುತ್ತದೆ ಎಂಬುದೂ ಮುಖ್ಯ. ಸಬ್ಲಿಮೇಷನ್ ಜೆರ್ಸಿಗೆ ಯಾವ ಆಕಾರವಾದರೂ ನಡೆಯುತ್ತದೆ, ಬಣ್ಣ ಬಟ್ಟೆಯೊಳಗೇ ಹೋಗುತ್ತದೆ. ವಿನೈಲ್ ಕಟಿಂಗ್, ಅಂದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸುವುದಾದರೆ ಚೂಪು ಮೂಲೆಗಳು ಮೊದಲು ಏಳುತ್ತವೆ. ನಾಲ್ಕು ಸಲ ಒಗೆದ ಮೇಲೆ ಓರೆ ಅಕ್ಷರದ ತುದಿ ಬಾಯಿ ಬಿಡುತ್ತದೆ. ಎಂಬ್ರಾಯಿಡರಿಯಲ್ಲಿ ಸಣ್ಣ ಹೊಟ್ಟೆಗಳು ದಾರದಲ್ಲಿ ಮುಚ್ಚಿಹೋಗುತ್ತವೆ. ಆಕ್ರಿಲಿಕ್ ಅಕ್ಷರ ಕತ್ತರಿಸಿ ಒಳಗೆ ಎಲ್‌ಇಡಿ ಹಾಕುವುದಾದರೆ ಗೀಟಿನ ಅಗಲ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು, ಇಲ್ಲದಿದ್ದರೆ ತೆಳ್ಳಗಿನ ಕಡೆ ಎಲ್‌ಇಡಿ ಪಟ್ಟಿ ಕೂರುವುದಿಲ್ಲ.

ಸಣ್ಣ ಪರದೆಯ ವಿಷಯಕ್ಕೆ ಬಿಬಿಸಿಯ ಕತೆ ನೆನಪಿಟ್ಟುಕೊಳ್ಳಿ. ಅವರ ಮೂರು ಪೆಟ್ಟಿಗೆಗಳ ಲೋಗೋ ಮುಂಚೆ ಓರೆಯಾಗಿತ್ತು. 1997ರಲ್ಲಿ ಪೆಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ ಗಿಲ್ ಸ್ಯಾನ್ಸ್ ಅಕ್ಷರ ಹಾಕಿದರು. ಓರೆ ಅಂಚುಗಳು ಆಗಿನ ಪರದೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿದ್ದುದು ಅದಕ್ಕೆ ಒಂದು ಕಾರಣ. ಈಗಿನ ಫೋನುಗಳಲ್ಲಿ ಆ ತೊಂದರೆ ಅಷ್ಟಿಲ್ಲ. ಆದರೂ ಬ್ರೌಸರ್ ಟ್ಯಾಬಿನಲ್ಲಿ ಕೂರುವಷ್ಟು ಪುಟ್ಟ ಐಕಾನಿಗೆ, ಕಡಿಮೆ ಬಲ್ಬಿನ ಎಲ್‌ಇಡಿ ಓಡುವ ಬೋರ್ಡಿಗೆ ಓರೆ ಅಕ್ಷರ ಈಗಲೂ ಬೇಡ.

ಬೆಲೆ ಬರೆಯುವವರು ಮರೆಯದೆ ₹ ಟೈಪ್ ಮಾಡಿ ನೋಡಿ. ಈ ಚಿಹ್ನೆ ಬಂದದ್ದೇ 2010ರಲ್ಲಿ. ಹಳೆಯ ಫಾಂಟುಗಳಲ್ಲಿ, ಹವ್ಯಾಸಕ್ಕೆ ಮಾಡಿದ ಕೆಲವು ಹೊಸದರಲ್ಲೂ ಇರುವುದಿಲ್ಲ. ಇಲ್ಲದಿದ್ದಾಗ ಸಾಫ್ಟ್‌ವೇರು ಬೇರೆ ಫಾಂಟಿನಿಂದ ತಂದು ಹಾಕುತ್ತದೆ. ಓರೆಯಾದ 499ರ ಮುಂದೆ ತೆಳ್ಳಗೆ ನೆಟ್ಟಗೆ ನಿಂತ ರೂಪಾಯಿ ಚಿಹ್ನೆ ಎಷ್ಟೊಂದು ಪೋಸ್ಟರುಗಳಲ್ಲಿ ಕಂಡಿಲ್ಲ ಹೇಳಿ.

ಕೊನೆಗೆ ದುಡ್ಡು. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಂದ ಫಾಂಟುಗಳನ್ನು ವ್ಯಾಪಾರಕ್ಕೂ ಬಿಟ್ಟಿಯಾಗಿ ಬಳಸಬಹುದು. ಲೋಗೋ, ಜೆರ್ಸಿ, ಆ್ಯಪ್ ಯಾವುದಕ್ಕೂ ಅಡ್ಡಿಯಿಲ್ಲ, ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ ಅಷ್ಟೇ. ದುಡ್ಡು ಕೊಡುವ ಫಾಂಟುಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿಗೆ ಒಂದು ಲೈಸೆನ್ಸ್, ವೆಬ್‌ಸೈಟಿಗೆ ಇನ್ನೊಂದು, ಆ್ಯಪಿಗೆ ಮತ್ತೊಂದು. "ಫ್ರೀ" ಎಂದು ಸಿಗುವ ಎಷ್ಟೋ ಫಾಂಟುಗಳ ಕಡತದೊಳಗೆ "ಸ್ವಂತ ಬಳಕೆಗೆ ಮಾತ್ರ" ಎಂದು ಬರೆದಿರುತ್ತದೆ. ಅಂಗಡಿ ಬೋರ್ಡು ಸ್ವಂತ ಬಳಕೆ ಅಲ್ಲ.

ಈಗ ಒಂದೊಂದಾಗಿ

ಫ್ಯೂಚುರಾದಿಂದ ಶುರು ಮಾಡೋಣ. ಪಾಲ್ ರೆನ್ನರ್ ಎಂಬ ಜರ್ಮನ್ ವಿನ್ಯಾಸಗಾರನದು, 1927ರಲ್ಲಿ ಬಾವರ್ ಕಂಪನಿಯಿಂದ ಬಂತು. ಓ ಅಂದರೆ ವೃತ್ತ, ಎ ಅಂದರೆ ತ್ರಿಕೋನ, ಅಷ್ಟು ಸರಳ. ಇಂಥ ಜ್ಯಾಮಿತಿಯ ಅಕ್ಷರವನ್ನು ದಪ್ಪ ಮಾಡಿ ಬಾಗಿಸಿದಾಗ ಬರುವ ಗತ್ತು ಬೇರೆಯದರಲ್ಲಿ ಸಿಗುವುದಿಲ್ಲ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿ ಫ್ಯೂಚುರಾ ಬೋಲ್ಡ್ ಇಟಾಲಿಕ್ ಹಾಕಿ ಅದನ್ನೇ ತನ್ನ ಗುರುತು ಮಾಡಿಕೊಂಡರು. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸುಪ್ರೀಮ್ ಬಟ್ಟೆ ಕಂಪನಿಯ ಕೆಂಪು ಪೆಟ್ಟಿಗೆಯ ಲೋಗೋ ಕೂಡ ಅದೇ ಕೆಂಪು, ಅದೇ ಬಿಳಿ, ಅದೇ ಓರೆ ಫ್ಯೂಚುರಾ. ನೈಕಿಯ ಹಳೆಯ ಲೋಗೋದಲ್ಲಿ ರೆಕ್ಕೆಯ ಗುರುತಿನ ಮೇಲೆ ಕೂತಿದ್ದ ಕಿರಿದಾದ ದಪ್ಪ ಅಕ್ಷರವೂ ಇದೇ ವಂಶದ್ದು.

ಈ ಖ್ಯಾತಿಯೇ ತೊಡಕು. ಕೆಂಪು ಪಟ್ಟಿಯ ಮೇಲೆ ಬಿಳಿ ಫ್ಯೂಚುರಾ ಓರೆ ಹಾಕಿದರೆ ನೋಡಿದವರು "ಓ, ಸುಪ್ರೀಮ್ ಕಾಪಿ" ಅನ್ನುತ್ತಾರೆ. ಬಣ್ಣ ಬದಲಾಯಿಸಿ, ಪೆಟ್ಟಿಗೆ ಬಿಡಿ, ಆಗ ನಿಮ್ಮದಾಗುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಫಾಂಟು. ಬಜೆಟ್ ಇಲ್ಲದವರು ಜಾಸ್ಟ್ ಎಂಬ ಬಿಟ್ಟಿ ಫಾಂಟ್ ನೋಡಿ. 1920ರ ದಶಕದ ಆ ಜರ್ಮನ್ ಅಕ್ಷರಗಳಿಂದಲೇ ಪ್ರೇರಣೆ ಪಡೆದದ್ದು, ಒಂಬತ್ತು ತೂಕ, ಎಲ್ಲಕ್ಕೂ ಓರೆ ಇದೆ. ತುಂಬ ಕಿರಿದಾದ ರೂಪ ಮಾತ್ರ ಅದರಲ್ಲಿ ಇಲ್ಲ.

ಹೆಲ್ವೆಟಿಕಾ, ಯುನಿವರ್ಸ್ ಎರಡೂ 1957ರವು. ಹೆಲ್ವೆಟಿಕಾ ಸ್ವಿಟ್ಜರ್ಲೆಂಡಿನ ಹಾಸ್ ಕಂಪನಿಗಾಗಿ ಮ್ಯಾಕ್ಸ್ ಮೀಡಿಂಗರ್ ಬರೆದದ್ದು, ಯುನಿವರ್ಸ್ ಏಡ್ರಿಯನ್ ಫ್ರುಟಿಗರ್ ಅವರದು. ಬೋಲ್ಡ್ ಓರೆಯಲ್ಲಿ ಎರಡೂ ಗಂಭೀರ, ಆಫೀಸಿಗೆ ಹೊಂದುವಂಥವು. ಸಾರಿಗೆ ಕಂಪನಿ, ಬಿಡಿಭಾಗದ ಅಂಗಡಿ, ಯಂತ್ರದ ಮೇಲಿನ ಹೆಸರು, ಇಂಥದ್ದಕ್ಕೆ ಸರಿ. ಯುನಿವರ್ಸಿನ ಸಂಖ್ಯೆಗಳು ಮೊದಲು ಗೊಂದಲ ಹುಟ್ಟಿಸುತ್ತವೆ. ಮೊದಲ ಅಂಕಿ ತೂಕ, ಎರಡನೆಯದು ಅಗಲ ಮತ್ತು ಓರೆ. 65 ನೆಟ್ಟಗಿನ ಬೋಲ್ಡ್, 66 ಅದರ ಓರೆ. ದುಡ್ಡು ಬೇಡ ಅಂದರೆ ವಿಂಡೋಸಿನಲ್ಲೇ ಇರುವ ಏರಿಯಲ್ ಬೋಲ್ಡ್ ಇಟಾಲಿಕ್ ಇದೆ. ತಪ್ಪೇನಿಲ್ಲ, ರುಚಿಯೂ ಇಲ್ಲ.

ಗಿಲ್ ಸ್ಯಾನ್ಸ್ ಬೇರೆ ಜಾತಿ. 1928ರದು, ಎರಿಕ್ ಗಿಲ್ ಮಾಡಿದ್ದು. ಇದರ ಇಟಾಲಿಕ್‌ನಲ್ಲಿ ಕೈಬರಹದ ಛಾಯೆ ಇದೆ. ನೆಟ್ಟಗಿದ್ದಾಗ ಎರಡಂತಸ್ತಿನ ಹಾಗಿರುವ ಸಣ್ಣ ಎ, ಓರೆಯಾದಾಗ ಒಂದೇ ಅಂತಸ್ತಿಗೆ ಇಳಿಯುತ್ತದೆ. ಬೇಕರಿ, ಕಾಫಿ, ಪುಸ್ತಕದ ಅಂಗಡಿಗೆ ಚೆನ್ನ. ಜಿಮ್ಮಿಗೆ ಮೃದುವಾಯಿತು. ಮ್ಯಾಕಿನಲ್ಲಿ ಬೋಲ್ಡ್ ಇಟಾಲಿಕ್ ಸಮೇತ ಬರುತ್ತದೆ.

ಬಿಟ್ಟಿ ಫಾಂಟುಗಳಲ್ಲಿ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ಮಾಂಟ್ಸೆರಾಟ್. ಬ್ಯುನಸ್ ಐರಿಸಿನ ಮಾಂಟ್ಸೆರಾಟ್ ಬಡಾವಣೆಯ ಹಳೆಯ ಬೋರ್ಡು, ಪೋಸ್ಟರುಗಳನ್ನು ನೋಡಿ ಹುಲಿಯೆಟಾ ಉಲನೊವ್ಸ್ಕಿ ಮಾಡಿದ್ದು. ಅಗಲವಾದ ಮೈ, ದೊಡ್ಡ ಹೊಟ್ಟೆ. ಬ್ಲ್ಯಾಕ್ ಇಟಾಲಿಕ್‌ನಲ್ಲೂ ಅಕ್ಷರ ಉಸಿರಾಡುತ್ತದೆ. ಚಿಕ್ಕ ಹೆಸರಿನ ಅಂಗಡಿ ಬೋರ್ಡಿಗೆ, ವಿಡಿಯೊದ ಥಂಬ್‌ನೇಲಿಗೆ ಒಳ್ಳೆಯದು. ಉದ್ದನೆ ಪದ ಇದರಲ್ಲಿ ಹಿಡಿಯುವುದಿಲ್ಲ. ಇನ್ನೊಂದು ತೊಂದರೆ, ಇದು ಎಲ್ಲೆಲ್ಲೂ ಇದೆ. ನಿಮ್ಮ ಎದುರಂಗಡಿಯವರೂ ಇದನ್ನೇ ಹಾಕಿರುವ ಸಾಧ್ಯತೆ ಜಾಸ್ತಿ.

ನನಗೆ ಮೆಚ್ಚುಗೆಯಾದದ್ದು ಬಾರ್ಲೋ. ಜೆರೆಮಿ ಟ್ರಿಬಿ ಮಾಡಿದ್ದು. ಕ್ಯಾಲಿಫೋರ್ನಿಯಾದ ಕಾರಿನ ನಂಬರ್ ಪ್ಲೇಟು, ಹೆದ್ದಾರಿಯ ಫಲಕ, ಬಸ್ಸು ರೈಲುಗಳ ಮೇಲಿನ ಅಕ್ಷರಗಳ ಜೊತೆ ಇದಕ್ಕೆ ಹೋಲಿಕೆ ಇದೆ. ಮೂರು ಅಗಲ, ಒಂದೊಂದರಲ್ಲಿ ಒಂಬತ್ತು ತೂಕ, ಪ್ರತಿಯೊಂದಕ್ಕೂ ಓರೆ: ಒಟ್ಟು 54 ಕಡತ, ಎಲ್ಲ ಬಿಟ್ಟಿ. ಇದರ ನಿಜವಾದ ಲಾಭ ಏನೆಂದರೆ ಒಂದೇ ಮನೆತನದಲ್ಲಿ ಎಲ್ಲ ಕೆಲಸ ಮುಗಿಯುತ್ತದೆ. ಆಟಗಾರನ ಹೆಸರು ಚಿಕ್ಕದಿದ್ದರೆ ತುಸು ಕಿರಿದಾದ ಸೆಮಿ ಕಂಡೆನ್ಸ್ಡ್, ಉದ್ದವಿದ್ದರೆ ಇನ್ನೂ ಕಿರಿದಾದ ಕಂಡೆನ್ಸ್ಡ್. ಹನ್ನೊಂದು ಜೆರ್ಸಿ ಸಾಲಾಗಿ ನಿಂತಾಗ ಎಲ್ಲ ಒಂದೇ ಟೀಮಿನವು ಅನ್ನಿಸುತ್ತದೆ. ಅಂಕಿಗಳು ಸ್ಪಷ್ಟ, ಆರು ಎಂಟು ಒಂಬತ್ತು ಕಲೆಸಿಹೋಗುವುದಿಲ್ಲ. ಗೀಟಿನ ದಪ್ಪ ಎಲ್ಲ ಕಡೆ ಸುಮಾರು ಸಮ, ಆದ್ದರಿಂದ ಕತ್ತರಿಸುವ ಕೆಲಸಕ್ಕೂ ಒಗ್ಗುತ್ತದೆ. ಕೊರತೆ? ಸ್ವಲ್ಪ ಸಪ್ಪೆ. ದೊಡ್ಡ ಪೋಸ್ಟರಿನಲ್ಲಿ ಒಂದೇ ಪದ ಮೆರೆಯಬೇಕಾದಾಗ ಇದರ ಮುಖ ನೆನಪಿನಲ್ಲಿ ಉಳಿಯುವುದಿಲ್ಲ.

ಮುಖ ಬೇಕಾದವರಿಗೆ ಕನಿತ್. ಥಾಯ್ಲೆಂಡಿನ ಕ್ಯಾಡ್ಸನ್ ಡೆಮಾಕ್ ಸಂಸ್ಥೆಯದು, ಥಾಯ್ ಮತ್ತು ಇಂಗ್ಲಿಷ್ ಎರಡೂ ಇವೆ. ತಿರುವುಗಳು ಪೂರ್ತಿ ದುಂಡಗಿಲ್ಲ, ಕ್ಯಾಪ್ಸೂಲಿನಂತೆ ಸ್ವಲ್ಪ ಚಪ್ಪಟೆ. ಓರೆ ಮಾಡಿದಾಗ ಬೈಕು, ಗೇಮಿಂಗ್, ಇಲೆಕ್ಟ್ರಿಕ್ ಸ್ಕೂಟರ್ ಶೋರೂಂ, ಇವುಗಳ ಮಾತು ಆಡುತ್ತದೆ. ಬಿಟ್ಟಿ, ಒಂಬತ್ತು ತೂಕ, ಎಲ್ಲಕ್ಕೂ ಓರೆ ಇದೆ. ಅತಿ ದಪ್ಪದಲ್ಲಿ ಅಕ್ಷರಗಳ ನಡುವೆ ಜಾಗ ಬಿಗಿ, ವಿನೈಲಿಗೆ ಕತ್ತರಿಸುವ ಮೊದಲು ತುಸು ಬಿಡಿಸಿಕೊಳ್ಳಿ.

ರೇಸಿಂಗ್ ಸ್ಯಾನ್ಸ್ ಒನ್, ಫುಗಾಸ್ ಒನ್ ಇಂಥವು ಹುಟ್ಟುವಾಗಲೇ ಓರೆ. ನೆಟ್ಟಗಿನ ರೂಪವೇ ಇಲ್ಲ, ಒಂದೇ ತೂಕ. ಓರೆಗೆಂದೇ ಬರೆದ ಕಾರಣ ತಿರುವುಗಳು ಸರಿಯಾಗಿ ಕೂತಿರುತ್ತವೆ. ಆದರೆ ಅವು ಮಾಡುವುದು ಒಂದೇ ಕೆಲಸ. ಟೂರ್ನಮೆಂಟಿನ ಹೆಸರಿಗೆ ಹಾಕಿ, ಕೆಳಗಿನ ದಿನಾಂಕ, ಜಾಗ, ಫೋನ್ ನಂಬರಿಗೆ ಬೇರೆ ನೆಟ್ಟಗಿನ ಫಾಂಟ್ ಹುಡುಕಿಕೊಳ್ಳಿ. ವರ್ಷವಿಡೀ ಬಳಸುವ ಲೋಗೋಗೆ ನಾನಂತೂ ಇವನ್ನು ಹೇಳುವುದಿಲ್ಲ, ಬೇಗ ಹಳತಾಗುತ್ತವೆ.

ಪಕ್ಕದಲ್ಲಿ ಕನ್ನಡ ಇದ್ದಾಗ

ನಮ್ಮಲ್ಲಿ ಬೋರ್ಡ್ ಮಾಡಿಸುವವರಿಗೆ ನಿಜವಾದ ತಲೆನೋವು ಇದು. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಅಂಗಡಿ, ಸಂಸ್ಥೆಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕೆಳಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಓರೆಯಾಗಿ ಓಡುತ್ತಿದ್ದರೂ ಜನ ಮೊದಲು ನೋಡುವುದು ಮೇಲಿನ ಕನ್ನಡವನ್ನು.

ಕನ್ನಡ ಅಚ್ಚಿನಲ್ಲಿ ಓರೆ ಅಕ್ಷರದ ರೂಢಿ ಬೆಳೆದಿಲ್ಲ. ಒತ್ತಿ ಹೇಳಬೇಕಾದರೆ ದಪ್ಪ ಮಾಡುತ್ತೇವೆ, ಉದ್ಧರಣ ಚಿಹ್ನೆ ಹಾಕುತ್ತೇವೆ. ಟಿರೋ ಕನ್ನಡ ಫಾಂಟಿಗೆ ಇಟಾಲಿಕ್ ಕಡತ ಇದೆ, ಆದರೆ ಅದು ಪುಸ್ತಕದ ಸಾಲುಗಳಿಗಾಗಿ ಮಾಡಿದ್ದು, ದಪ್ಪ ಇಲ್ಲ. ಅನೇಕ್ ಕನ್ನಡ, ಬಾಲೂ ತಮ್ಮ 2, ನೋಟೋ ಸ್ಯಾನ್ಸ್ ಕನ್ನಡ, ಈ ಮೂರರಲ್ಲಿ ದಪ್ಪ ಉಂಟು, ಓರೆ ಇಲ್ಲ. ಹಾಗಾಗಿ ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಎಳೆದು ಬಗ್ಗಿಸುವುದೇ ಎಲ್ಲರ ದಾರಿ.

ಬಗ್ಗಿಸಿದಾಗ ಏನಾಗುತ್ತದೆ ನೋಡಿ. "ಚಿಕ್ಕಬಳ್ಳಾಪುರ" ಎಂದು ದಪ್ಪಗೆ ಬರೆದು 15 ಡಿಗ್ರಿ ಬಗ್ಗಿಸಿ. ಸಾಲಿನ ಮೇಲಿರುವ ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಸಾಲಿನ ಕೆಳಗಿರುವ ಕ ಒತ್ತು, ಳ ಒತ್ತು ಎಡಕ್ಕೆ ಜಾರುತ್ತವೆ. ಅಕ್ಷರ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ದಪ್ಪ ಜಾಸ್ತಿ ಇದ್ದರೆ ಒತ್ತು ಹಿಂದಿನ ಅಕ್ಷರದ್ದೇನೋ ಅನ್ನಿಸಿಬಿಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಕಷ್ಟ ಇಲ್ಲ, ಅವು ಹೆಚ್ಚುಕಡಿಮೆ ಎಲ್ಲ ಸಾಲಿನ ಮೇಲೇ ಇರುತ್ತವೆ.

ಮಹಾಪ್ರಾಣದ್ದು ಇನ್ನೊಂದು ಗೋಳು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಇವುಗಳ ವ್ಯತ್ಯಾಸ ಇರುವುದು ಕೆಳಗಿನ ಪುಟ್ಟ ಗೀಟಿನಲ್ಲಿ. ದಪ್ಪ ಫಾಂಟಿನಲ್ಲಿ ಆ ಗೀಟು ಮೊದಲೇ ಮೋಟು. ಬಗ್ಗಿಸಿದರೆ ಅದು ಹೊಟ್ಟೆಗೆ ಅಂಟಿಕೊಂಡು ಮಾಯವಾಗುತ್ತದೆ. "ಧಮಾಕಾ ಸೇಲ್" ರಸ್ತೆಯ ಆಚೆ ಬದಿಯಿಂದ "ದಮಾಕಾ" ಆಗುವುದು ಹೀಗೆ.

ನನ್ನ ಸಲಹೆ: ಕನ್ನಡವನ್ನು ನೆಟ್ಟಗೇ ಇಡಿ, ವೇಗವನ್ನು ಬೇರೆ ಕಡೆಯಿಂದ ತನ್ನಿ. ಅನೇಕ್ ಕನ್ನಡದಲ್ಲಿ ತೂಕ, ಅಗಲ ಎರಡನ್ನೂ ಬೇಕಾದಂತೆ ಹೊಂದಿಸಬಹುದು. ಅದರ ಎಕ್ಸ್‌ಟ್ರಾ ಬೋಲ್ಡ್ ಕಂಡೆನ್ಸ್ಡ್ ರೂಪವನ್ನು ಬಾರ್ಲೋ ಕಂಡೆನ್ಸ್ಡ್ ಓರೆಯ ಮೇಲೆ ಇಟ್ಟರೆ ದಪ್ಪ ಸರಿಹೊಂದುತ್ತದೆ. ಹಿಂದಿನ ಬಣ್ಣದ ಪಟ್ಟಿಯ ಎರಡೂ ತುದಿಯನ್ನು ಇಂಗ್ಲಿಷ್ ಎಷ್ಟು ಬಾಗಿದೆಯೋ ಅಷ್ಟೇ ಓರೆಯಾಗಿ ಕತ್ತರಿಸಿ. ಓಟದ ಭಾವ ಪಟ್ಟಿಯಿಂದ ಬರುತ್ತದೆ, ಅಕ್ಷರ ಕೆಡುವುದಿಲ್ಲ. ಇನ್ನೊಂದು ದಾರಿ ಇಡೀ ಸಾಲನ್ನು ನಾಲ್ಕೈದು ಡಿಗ್ರಿ ಮೇಲ್ಮುಖವಾಗಿ ತಿರುಗಿಸುವುದು. ತಿರುಗಿಸಿದಾಗ ಒತ್ತು, ತಲೆಕಟ್ಟು ಎಲ್ಲ ಒಟ್ಟಿಗೇ ತಿರುಗುತ್ತವೆ, ಯಾವುದೂ ಜಾರುವುದಿಲ್ಲ. ಪೋಸ್ಟರಿಗೆ ಇದು ಚೆನ್ನ, ಉದ್ದನೆಯ ಅಂಗಡಿ ಬೋರ್ಡಿಗೆ ಎತ್ತರ ಸಾಲುವುದಿಲ್ಲ.

ಗಿರಾಕಿ ಬಗ್ಗಿಸಲೇಬೇಕು ಅಂತ ಹಟ ಹಿಡಿದರೆ 6ರಿಂದ 8 ಡಿಗ್ರಿಗೆ ನಿಲ್ಲಿಸಿ. ಆಮೇಲೆ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಿಗೆ ಬದಲಾಯಿಸಿ, ಒಂದೊಂದು ಒತ್ತನ್ನೂ ಕೈಯಿಂದ ತುಸು ಬಲಕ್ಕೆ ತಳ್ಳಿ, ಮಹಾಪ್ರಾಣದ ಗೀಟನ್ನು ಸ್ವಲ್ಪ ಉದ್ದ ಮಾಡಿ. ಒಂದೆರಡು ಪದಕ್ಕೆ ಇದು ಆಗುವ ಕೆಲಸ. ಇಡೀ ಕರಪತ್ರಕ್ಕೆ ಯಾರಿಗೆ ಪುರುಸೊತ್ತು? ಎರಡು ಲಿಪಿಗಳ ಎತ್ತರ ಹೊಂದಿಸುವಾಗ ಪಾಯಿಂಟ್ ಸಂಖ್ಯೆ ನೋಡಬೇಡಿ. ಒತ್ತು ಬಿಟ್ಟು ಕನ್ನಡ ಅಕ್ಷರದ ಮೈ ಎಷ್ಟು ಎತ್ತರವಿದೆ, ಇಂಗ್ಲಿಷ್ ದೊಡ್ಡಕ್ಷರ ಎಷ್ಟಿದೆ, ಅದನ್ನು ಪರದೆಯ ಮೇಲೆ ಅಳೆದು ಕೂರಿಸಿ.

ಹಾಗಾದ್ರೆ ನಿಮಗೆ ಯಾವುದು?

ಜೆರ್ಸಿಗೆ, ಅದರಲ್ಲೂ ಪ್ರತಿವರ್ಷ ಹೊಸ ಹೆಸರು ಸೇರುವ ಟೀಮಿಗೆ, ಬಾರ್ಲೋ ಕಂಡೆನ್ಸ್ಡ್ ಎಕ್ಸ್‌ಟ್ರಾ ಬೋಲ್ಡ್ ಇಟಾಲಿಕ್. ಬೆನ್ನಿನ ಸಂಖ್ಯೆಗೂ ಅದೇ. ಟೀಮಿನ ಹೆಸರು ಎದೆಯ ಮೇಲೆ ಮೆರೆಯಬೇಕಾದರೆ ಅದೊಂದಕ್ಕೆ ಮಾತ್ರ ಕನಿತ್ ಹಾಕಬಹುದು. ಬಟ್ಟೆಗೆ ವಿನೈಲ್ ಅಂಟಿಸುತ್ತಾರೆ ಅಂದರೆ ಬ್ಲ್ಯಾಕ್ ತೂಕಕ್ಕೆ ಹೋಗಬೇಡಿ.

ರಿಯಾಯಿತಿ ಪೋಸ್ಟರಿಗೆ ಬೆಲೆಯೇ ನಾಯಕ. ಅಂಕಿ ಚೆನ್ನಾಗಿದ್ದು, ₹ ಇರುವ ಫಾಂಟು ಬೇಕು. ಮಾಂಟ್ಸೆರಾಟ್ ಬ್ಲ್ಯಾಕ್ ಇಟಾಲಿಕ್ ಇಲ್ಲಿ ನನ್ನ ಆಯ್ಕೆ. ಅಂಕಿ ಓರೆ ಇರಲಿ, "ರಿಯಾಯಿತಿ" ಎಂಬ ಕನ್ನಡ ಪದ ನೆಟ್ಟಗೆ ಬಾಲೂ ತಮ್ಮದಲ್ಲಿ ಇರಲಿ. ಅದರ ದುಂಡು ಮೈ ಹಬ್ಬದ ಪೋಸ್ಟರಿಗೆ ಹೊಂದುತ್ತದೆ.

ಹತ್ತು ವರ್ಷ ಇರಬೇಕಾದ ಬೋರ್ಡು, ಬಜೆಟ್ಟೂ ಇದೆ ಅಂದರೆ ಫ್ಯೂಚುರಾ ಅಥವಾ ಯುನಿವರ್ಸಿನ ಒಂದೇ ಒಂದು ತೂಕ ಕೊಂಡುಕೊಳ್ಳಿ. ಇಡೀ ಸೆಟ್ಟು ಬೇಕಾಗುವುದಿಲ್ಲ. ಬಜೆಟ್ ಇಲ್ಲದಿದ್ದರೆ ಜಾಸ್ಟ್. ಫಾಂಟ್ ಕೊಳ್ಳುವ ದುಡ್ಡನ್ನು ಕನ್ನಡ ಹೆಸರನ್ನು ಅಕ್ಷರ ಬಲ್ಲ ವಿನ್ಯಾಸಗಾರರ ಕೈಯಲ್ಲಿ ಬರೆಸಲು ಹಾಕಿದರೆ ಇನ್ನೂ ಒಳ್ಳೆಯದು. ಮೇಲಿನ ಶೇ. 60 ಜಾಗ ಅದರದ್ದೇ ತಾನೇ.

ಥಂಬ್‌ನೇಲ್ ಮಾಡುವವರು ಫೋನಿನಲ್ಲಿ ಅದು ಹೆಬ್ಬೆರಳಿನಷ್ಟೇ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಮೂರು ಪದ ಮೀರಬಾರದು. ಅದಕ್ಕಿಂತ ಜಾಸ್ತಿ ಹೇಳಲೇಬೇಕಿದ್ದರೆ ಒಂದು ಪದ ಓರೆ, ಉಳಿದವು ನೆಟ್ಟಗೆ.

ಎರಡು ಫಾಂಟುಗಳ ನಡುವೆ ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ನಿಮ್ಮದೇ ಪದವನ್ನು ಎರಡರಲ್ಲೂ ಟೈಪ್ ಮಾಡಿ, ಎ4 ಹಾಳೆಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಯಿರಿ. ಗೋಡೆಗೆ ಅಂಟಿಸಿ ಕೋಣೆಯ ಆ ತುದಿಗೆ ಹೋಗಿ ನೋಡಿ. ಅಕ್ಷರದ ಹೊಟ್ಟೆ ಮುಚ್ಚುವುದು, ಒತ್ತು ಜಾರುವುದು, ಅಂಕಿ ಕಲೆಸುವುದು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಪ್ರೆಸ್ಸಿಗೆ ಕಳಿಸುವಾಗ ಅಕ್ಷರಗಳನ್ನು ಕರ್ವ್ಸ್ ಮಾಡಿ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಏರಿಯಲ್ ಬಂದು ಕೂರುತ್ತದೆ. ಕರ್ವ್ಸ್ ಮಾಡುವ ಮೊದಲು ಮೂಲ ಕಡತದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಫೋನ್ ನಂಬರ್ ಬದಲಾದಾಗ ಬೇಕಾಗುತ್ತದೆ.